ಕರೆಂಟು ಹೋಗಿ ಬಂದ್ರೆ ತೂಕದ ಮಷಿನ್ನೂ ಫ್ಯಾಟ್ ಮಷಿನ್ನೂ ಅದಲುಬದಲು! ಲಿನಕ್ಸಲ್ಲಿ ಹೆಸರು ಕಾಯಂ ಮಾಡೋದು ಹೆಂಗೆ?

ಡೈರಿಹುಡುಗ, ಚನ್ನರಾಯಪಟ್ಟಣ
ಎಲ್ರಿಗೂ ನಮಸ್ಕಾರ. ನಮ್ಮೂರ ಹಾಲಿನ ಡೈರಿಲಿ ಬೆಳಿಗ್ಗೆ ಸಂಜೆ ಕಂಪ್ಯೂಟರ್ ಮುಂದೆ ಕೂರೋನು ನಾನು. ಹಳೇ ಕಂಪ್ಯೂಟರು, ಉಬುಂಟು 22.04 ಅನ್ನೋ ಲಿನಕ್ಸು. ತೂಕದ ಮಷಿನ್ ಒಂದು, ಫ್ಯಾಟ್ ನೋಡೋ ಮಷಿನ್ ಒಂದು. ಎರಡಕ್ಕೂ ಒಂಬತ್ತು ಪಿನ್ನಿನ ಸೀರಿಯಲ್ ವೈರು. ಕಂಪ್ಯೂಟರಲ್ಲಿ ಆ ಪೋರ್ಟೇ ಇಲ್ಲದ್ದಕ್ಕೆ ಯುಎಸ್‌ಬಿ ಕನ್ವರ್ಟರ್ ಎರಡು ತಂದು ಹಾಕಿದೀವಿ. ಒಂದೇ ಅಂಗಡಿ, ಒಂದೇ ನೀಲಿ ಬಣ್ಣ. ಪ್ರೋಗ್ರಾಂ ಬರೆದಿದ್ದು ನಮ್ಮ ಚಿಕ್ಕಪ್ಪನ ಮಗ, ಪೈಥಾನಲ್ಲಿ. ತೂಕ ಅಂದ್ರೆ ಟಿಟಿವೈಯುಎಸ್‌ಬಿ0, ಫ್ಯಾಟ್ ಅಂದ್ರೆ ಟಿಟಿವೈಯುಎಸ್‌ಬಿ1 ಅಂತ ಕಂಪ್ಯೂಟರು ಕೊಡೋ ಹೆಸರನ್ನ ಅದರೊಳಗೇ ಬರೆದಿಟ್ಟು ಬೆಂಗಳೂರು ಸೇರ್ಕೊಂಡ. ಈಗ ಫೋನ್ ಎತ್ತಲ್ಲ.

ಮೊನ್ನೆ ಬೆಳಿಗ್ಗೆ ಆರೂಮುಕ್ಕಾಲಿಗೆ ಕರೆಂಟು ಹೋಗಿ ಬಂತು. ಕಂಪ್ಯೂಟರ್ ಆನ್ ಮಾಡಿ ಹಾಲು ಹಾಕಿಸ್ಕೊಳ್ಳೋಕೆ ಶುರು ಮಾಡಿದೆ. ಸಾಲಲ್ಲಿ ಮೂರನೇದು ನಮ್ಮ ಬೀದಿ ಅಜ್ಜಿ. ಚೀಟಿ ಕೈಗೆ ತಗೊಂಡು ಕನ್ನಡಕ ಮೇಲೆತ್ತಿ, "ಏನ್ಲಾ ಮಗಾ, ಏಳೂವರೆ ಲೀಟ್ರು ಸುರಿದೀನಿ, ನಾಕು ಅಂತ ಕೊಟ್ಟಿದೀಯ?" ಅಂದ್ರು. ನೋಡಿದ್ರೆ ಹಾಲು 4.1 ಲೀಟರ್, ಫ್ಯಾಟ್ 7.6! ತೂಕ ಫ್ಯಾಟಿನ ಮನೆಗೆ, ಫ್ಯಾಟು ತೂಕದ ಮನೆಗೆ ಹೋಗಿ ಕೂತಿವೆ. ಅವರಿಗಿಂತ ಮುಂಚೆ ಬಂದ ಇಬ್ಬರದ್ದೂ ಹಂಗೇ ಆಗಿತ್ತು, ಅವರು ಚೀಟಿ ನೋಡ್ದೆ ಜೇಬಿಗೆ ಹಾಕ್ಕೊಂಡು ಹೋಗಿದ್ರು. ಮನೆ ಬಾಗಿಲಿಗೆ ಹೋಗಿ ಚೀಟಿ ಬದಲಾಯಿಸಿ ಬಂದೆ.

ವೈರು ಅದಲುಬದಲು ಚುಚ್ಚಿದ್ರೆ ಸರಿಹೋಗತ್ತೆ. ಮತ್ತೆ ಕರೆಂಟು ಹೋದ್ರೆ ಮತ್ತೆ ಅದೇ ಕಥೆ. ಇದಕ್ಕೆ ಕಾಯಂ ಪರಿಹಾರ ಏನು?

ಹೊಯ್ಸಳ_ಹುಡ್ಗ
ಅಜ್ಜಿ ಹಸು ರಾತ್ರೋರಾತ್ರಿ ಎಮ್ಮೆ ಆಗೋಯ್ತಲ್ಲ ಗುರು 😂

ಸಿಸ್ಟಮ್ ಸ್ವಾಮಿ
ವಿಂಡೋಸ್ ಹಾಕಿ ಸುಮ್ನಿರಿ. ಪೋರ್ಟಿಗೆ ಕಾಮ್3, ಕಾಮ್4 ಅಂತ ಒಂದ್ಸಲ ಹೆಸರು ಕೊಟ್ರೆ ಮುಗೀತು, ಅಲ್ಲಾಡಲ್ಲ.

ಕೊಪ್ಪದ ಕೇಬಲ್
ಅಲ್ಲಾಡಲ್ಲ ಅಂತ ಯಾರು ಹೇಳಿದ್ದು ಮಾರಾಯ್ರೆ? ಸೀರಿಯಲ್ ನಂಬರ್ ಇಲ್ಲದ ಕನ್ವರ್ಟರನ್ನ ಬೇರೆ ತೂತಿಗೆ ಚುಚ್ಚಿ ನೋಡಿ. ವಿಂಡೋಸ್ ಹೊಸ ಸಾಮಾನು ಬಂತು ಅಂದ್ಕೊಂಡು ಹೊಸ ನಂಬರ್ ಕೊಡ್ತದೆ. ನಮ್ಮ ಅಂಗಡಿಲಿ ಬಿಲ್ ಪ್ರಿಂಟರ್ ಕಾಮ್17ರ ತನಕ ಹೋಗಿತ್ತು. ಡಿವೈಸ್ ಮ್ಯಾನೇಜರಲ್ಲಿ ಅಡಗಿದ ಡಿವೈಸ್ ತೋರಿಸು ಅಂದ್ರೆ ಹಳೇ ದೆವ್ವಗಳೆಲ್ಲ ಮಸುಕಾಗಿ ಸಾಲಾಗಿ ಕೂತಿದ್ವು.

ಸಿಸ್ಟಮ್ ಸ್ವಾಮಿ
ತೂತು ಬದಲಾಯಿಸ್ಬೇಡಿ ಅಷ್ಟೇ.

ಕೊಪ್ಪದ ಕೇಬಲ್
ಅದನ್ನ ಕಸ ಗುಡಿಸೋರಿಗೆ ನೀವೇ ಹೇಳಿ.

ಕರ್ನಲ್ ಕಾಕಾ
ತಮ್ಮಾ ಡೈರಿಹುಡುಗ, ನಿಮ್ಮ ಮಷಿನ್ ಕೆಟ್ಟಿಲ್ಲ. 0, 1 ಅನ್ನೋವು ಹೆಸರೇ ಅಲ್ಲ, ಟೋಕನ್ ನಂಬರ್. ಆಸ್ಪತ್ರೆಲಿ ಮೊದಲು ಹೋದವನಿಗೆ ಒಂದು, ಆಮೇಲೆ ಹೋದವನಿಗೆ ಎರಡು ಕೊಡ್ತಾರಲ್ಲ, ಹಂಗೆ ಕರ್ನಲ್ (ಲಿನಕ್ಸಿನ ತಿರುಳು) ಯಾವ ಸಾಮಾನು ಮೊದಲು ಕಣ್ಣಿಗೆ ಬಿತ್ತೋ ಅದಕ್ಕೆ 0 ಕೊಡುತ್ತೆ. ಬೂಟ್ ಆಗುವಾಗ ಎಲ್ಲಾನೂ ಒಟ್ಟೊಟ್ಟಿಗೆ ಹುಡುಕ್ತಿರುತ್ತೆ. ಯಾವುದು ಮೊದಲು ಉತ್ತರ ಕೊಡುತ್ತೆ ಅನ್ನೋದು ಆವತ್ತಿನ ಅದೃಷ್ಟ. ನಿನ್ನೆ ಸರಿ ಇತ್ತು ಅಂದ್ರೆ ನಿನ್ನೆ ಅದೃಷ್ಟ ಚೆನ್ನಾಗಿತ್ತು ಅಂತ ಅಷ್ಟೇ.

ಹೆಸರಿಡೋ ಕೆಲಸ ಯುಡೆವ್ ಅನ್ನೋ ಪ್ರೋಗ್ರಾಂದು. 2003ರಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಶುರು ಮಾಡಿದ್ದು, 2012ರಲ್ಲಿ ಸಿಸ್ಟಮ್‌ಡಿ (ಲಿನಕ್ಸಲ್ಲಿ ಉಳಿದ ಸೇವೆಗಳನ್ನ ಶುರು ಮಾಡಿ ನಡೆಸೋ ಪ್ರೋಗ್ರಾಂ) ಒಳಗೆ ಸೇರಿಹೋಯ್ತು. ಸಾಮಾನು ಚುಚ್ಚಿದ ಕೂಡಲೇ ಕರ್ನಲ್ ಇದಕ್ಕೆ ಸುದ್ದಿ ಮುಟ್ಟಿಸುತ್ತೆ. ಇದು ನಿಯಮದ ಫೈಲ್‌ಗಳನ್ನ ನೋಡಿ ಡೆವ್ ಫೋಲ್ಡರಲ್ಲಿ ಇನ್ನೊಂದು ಹೆಸರಿನ ಸಿಮ್‌ಲಿಂಕ್ ಹಾಕುತ್ತೆ. ಅಸಲಿ ಹೆಸರು ಹಂಗೇ ಇರುತ್ತೆ, ಇದು ಅಡ್ಡಹೆಸರು ಅಂದ್ಕೊ. ಮೊದಲು ಡೆವ್ ಒಳಗೆ ಸೀರಿಯಲ್ ಅನ್ನೋ ಫೋಲ್ಡರ್, ಅದರೊಳಗೆ ಬೈ-ಐಡಿ ಅಂತ ಇರುತ್ತೆ. ಏನಿದೆ ನೋಡಿ ಹೇಳು.

ಮೂಡಿಗೆರೆ ಮಳೆ
ಇದೇ ರೋಗ ಡಿಸ್ಕಿಗೂ ಇದೆ, ನನ್ನ ಕಥೆ ಕೇಳಿ. ತೋಟದ ಲೆಕ್ಕ, ಮಳೆ ಲೆಕ್ಕ ಎಲ್ಲಾ ಎಸ್‌ಡಿಬಿ ಡಿಸ್ಕಲ್ಲಿ, ಬ್ಯಾಕಪ್ಪು ಎಸ್‌ಡಿಸಿಲಿ. ರಾತ್ರಿ ತಾನೇ ಕಾಪಿ ಆಗೋ ಸ್ಕ್ರಿಪ್ಟು, ಮೂಲದಲ್ಲಿ ಇಲ್ಲದ್ದನ್ನ ಅಲ್ಲಿಂದಲೂ ಅಳಿಸು ಅಂತ ಆರ್‌ಸಿಂಕ್ ಅನ್ನೋ ಕಾಪಿ ಪ್ರೋಗ್ರಾಂಗೆ ಹೇಳಿದ್ದೆ. ಬ್ಯಾಕಪ್ಪಿಗೆ ಹೊಸ ಖಾಲಿ ಡಿಸ್ಕ್ ತಂದು ಹಾಕಿದ ದಿನವೇ ಕರೆಂಟು ಹೋಗಬೇಕಾ? ಎದ್ದಾಗ ಬಿ ಹೋಗಿ ಸಿ, ಸಿ ಹೋಗಿ ಬಿ. ಖಾಲಿ ಡಿಸ್ಕಿನ ಪ್ರಕಾರ ತುಂಬಿದ ಡಿಸ್ಕನ್ನ "ಸರಿ" ಮಾಡಿಟ್ಟಿತ್ತು. ಒಂಬತ್ತು ವರ್ಷದ ಮಳೆ ಲೆಕ್ಕ ಹೋಯ್ತು. ಅಪ್ಪಯ್ಯ ಇಂಚು-ಸೆಂಟಲ್ಲಿ ಬರೆದಿಟ್ಟ ರೂಲ್ ಪುಸ್ತಕ ಮಾತ್ರ ಉಳೀತು. ಗೆದ್ದಲು ಒಂದು ಮೂಲೆ ತಿಂದಿದ್ರೂ ಓದೋಕೆ ಬರ್ತದೆ.

ಈಗ ಎಫ್‌ಎಸ್‌ಟ್ಯಾಬಲ್ಲಿ (ಯಾವ ಡಿಸ್ಕ್ ಎಲ್ಲಿ ಕೂರಬೇಕು ಅಂತ ಹೇಳೋ ಫೈಲು) ಎಸ್‌ಡಿ ಅಂತ ಎಲ್ಲೂ ಬರೆಯಲ್ಲ, ಎಲ್ಲಾ ಯುಯುಐಡಿ, ಅಂದ್ರೆ ಡಿಸ್ಕಿನ ಒಳಗೇ ಬರೆದಿರೋ ಗುರುತಿನ ನಂಬರ್. ಬಿಎಲ್‌ಕೆಐಡಿ ಕಮಾಂಡ್ ಕೊಟ್ರೆ ಸಿಗ್ತದೆ.

ಬೇಲೂರು ಬಿಟ್
ಜೊತೆಗೆ ನೋಫೇಲ್ ಅಂತಲೂ ಸೇರ್ಸಿ. ಇಲ್ಲಾಂದ್ರೆ ಆ ಡಿಸ್ಕ್ ಚುಚ್ಚದೇ ಇದ್ದ ದಿನ ಕಂಪ್ಯೂಟರು ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡಿಗೆ ಹೋಗಿ ಕೂರತ್ತೆ. ಇನ್ನೊಂದು, ಡಿಡಿ ಹೊಡೆದು ಡಿಸ್ಕ್ ಪೂರ್ತಿ ನಕಲು ಮಾಡಿದ್ರೆ ಯುಯುಐಡಿನೂ ನಕಲಾಗತ್ತೆ. ಆಮೇಲೆ ಎರಡನ್ನೂ ಒಟ್ಟಿಗೆ ಚುಚ್ಚಿ ನನ್ನ ಹತ್ರ ಅಳಬೇಡಿ.

ಆಲ್ದೂರು ಅಣ್ಣ
@ಮೂಡಿಗೆರೆ ಮಳೆ ಅದಿರ್ಲಿ, ಈ ಸಲ ನಿಮ್ಮಲ್ಲಿ ಕಾಫಿ ಹೂ ಮಳೆ ಎಷ್ಟಾಯ್ತು?

ಮೂಡಿಗೆರೆ ಮಳೆ
ಒಂದಿಂಚು ಇಪ್ಪತ್ತು ಸೆಂಟು. ರೋಬಸ್ಟಾಗೆ ಸಾಕು. ನಿಮ್ದು?

ಆಲ್ದೂರು ಅಣ್ಣ
ಎಂಬತ್ತು ಸೆಂಟು. ಸ್ಪ್ರಿಂಕ್ಲರ್ ಓಡಿಸ್ದೆ.

ಡೈರಿಹುಡುಗ, ಚನ್ನರಾಯಪಟ್ಟಣ
ಕಾಕಾ, ನೋಡಿದೆ. ಬೈ-ಐಡಿ ಒಳಗೆ ಒಂದೇ ಹೆಸರಿದೆ! 1ಎ86, ಆಮೇಲೆ ಯುಎಸ್‌ಬಿ ಸೀರಿಯಲ್ ಅಂತ. ಎರಡು ಕನ್ವರ್ಟರ್ ಚುಚ್ಚಿದೀನಿ, ಎರಡೂ ಲೈಟ್ ಉರೀತಿದೆ. ಇನ್ನೊಂದು ಎಲ್ಲಿ ಹೋಯ್ತು?

ಕರ್ನಲ್ ಕಾಕಾ
1ಎ86 ಅಂದ್ರೆ ಸಿಎಚ್340 ಚಿಪ್ಪು. ಅಗ್ಗದ ಕನ್ವರ್ಟರಲ್ಲೆಲ್ಲ ಇರೋದು ಅದೇ. ಕೆಲಸ ಚೆನ್ನಾಗೇ ಮಾಡುತ್ತೆ, ಆದರೆ ಅದಕ್ಕೆ ಸೀರಿಯಲ್ ನಂಬರ್ ಇರಲ್ಲ. ಕಂಪನಿ ನಂಬರು 1ಎ86, ಮಾಡೆಲ್ ನಂಬರು 7523, ಅಷ್ಟೇ. ಬೈ-ಐಡಿ ಹೆಸರು ಕಟ್ಟೋದು ಇವುಗಳಿಂದಲೇ ಆದ್ದರಿಂದ ಎರಡಕ್ಕೂ ಒಂದೇ ಹೆಸರು ಬಂತು. ಒಂದು ಹೆಸರಲ್ಲಿ ಒಂದೇ ಲಿಂಕ್ ಇರೋಕೆ ಸಾಧ್ಯ, ಒಂದು ಗೆದ್ದಿತು, ಇನ್ನೊಂದು ಮರೆಯಾಯ್ತು.

ನಿವೃತ್ತ ಮೇಷ್ಟ್ರು, ಅರಕಲಗೂಡು
ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೆ, ಆದರೂ ಈ ಸಮಸ್ಯೆ ಮೂವತ್ತು ವರ್ಷ ಹಾಜರಿ ಪುಸ್ತಕದಲ್ಲಿ ಅನುಭವಿಸಿದ್ದೇನೆ. ಒಂದೇ ತರಗತಿಯಲ್ಲಿ ಮೂವರು ಮಂಜೇಗೌಡರು, ಅಪ್ಪಂದಿರ ಹೆಸರಿನ ಮೊದಲಕ್ಷರವೂ ಒಂದೇ. ಊರವರಿಗೆ ಇದು ತೊಡಕೇ ಅಲ್ಲ. ಒಬ್ಬ ಮೇಲಿನ್ಮನೆ ಮಂಜ, ಒಬ್ಬ ಕೆರೆ ಕೆಳಗಿನ ಮಂಜ, ಇನ್ನೊಬ್ಬ ಗುಡಿ ಹಿಂದಿನ ಮಂಜ. ಆಳು ಗುರುತು ಸಿಗದಿದ್ದರೆ ಮನೆ ಗುರುತು ಹಿಡಿಯುತ್ತಾರೆ. ನಿಮ್ಮ ಯಂತ್ರಕ್ಕೆ ಹಾಗೆ ಹೇಳಲು ಬರುವುದಿಲ್ಲವೇ?

ಕರ್ನಲ್ ಕಾಕಾ
ಮೇಷ್ಟ್ರೇ, ಅದೇ ಉತ್ತರ. ಅದಕ್ಕೆ ಬೈ-ಪಾತ್ ಅಂತ ಹೆಸರು. ಪಕ್ಕದ ಫೋಲ್ಡರಲ್ಲೇ ಇರುತ್ತೆ. ಯಾವ ಸಾಮಾನು ಅಂತಲ್ಲ, ಯಾವ ತೂತಲ್ಲಿ ಕೂತಿದೆ ಅಂತ ನೋಡುತ್ತೆ.

ಡೈರಿಹುಡುಗ, ಚನ್ನರಾಯಪಟ್ಟಣ
ಬೈ-ಪಾತ್ ಒಳಗೆ ಎರಡು ಲಿಂಕ್ ಇದೆ ಕಾಕಾ. ಉದ್ದುದ್ದ, ಪಿಸಿಐ ಅಂತ ಶುರುವಾಗತ್ತೆ. ಒಂದೊಂದೂ ಒಂದೊಂದು ಕನ್ವರ್ಟರ್ ಕಡೆ ತೋರಿಸ್ತಿದೆ.

ಬೇಲೂರು ಬಿಟ್
  ಆ ಉದ್ದ ಹೆಸರನ್ನೇ ನಕಲು ಮಾಡಿ ಪೈಥಾನ್ ಪ್ರೋಗ್ರಾಮಲ್ಲಿ ಟಿಟಿವೈಯುಎಸ್‌ಬಿ0 ಇರೋ ಜಾಗಕ್ಕೆ ಅಂಟಿಸಿ. ನಿಯಮ ಗಿಯಮ ಏನೂ ಬೇಡ. ಐದು ನಿಮಿಷದ ಕೆಲಸ.

ಕೊಪ್ಪದ ಕೇಬಲ್
ಪ್ರೋಗ್ರಾಂ ಒಳಗೆ ಕೈ ಹಾಕಿಸ್ಬೇಡಿ ಮಾರಾಯ್ರೆ, ಬರೆದವನು ಫೋನೇ ಎತ್ತಲ್ಲ ಅಂತಿದಾನೆ. ನಾಳೆ ಕಂಪ್ಯೂಟರ್ ಬದಲಾದ್ರೆ ಆ ಪಿಸಿಐ ದಾರಿನೂ (ಬೋರ್ಡಿನ ಒಳಗೆ ಸಾಮಾನು ಸಿಗೋ ವಿಳಾಸ) ಬದಲಾಗ್ತದೆ, ಆಗ ಮತ್ತೆ ಪ್ರೋಗ್ರಾಂ ಬಿಚ್ಚಬೇಕು. ಯುಡೆವ್ ನಿಯಮ ಬರೆದು ತೂಕ, ಫ್ಯಾಟ್ ಅಂತ ಹೆಸರಿಡಿ. ಪ್ರೋಗ್ರಾಂ ಒಂದ್ಸಲ ಮುಟ್ಟಿದ್ರೆ ಸಾಕು, ಆಮೇಲೆ ಏನೇ ಬದಲಾದ್ರೂ ನಿಯಮದ ಫೈಲ್ ಮಾತ್ರ.

ಬೇಲೂರು ಬಿಟ್
ನಿಯಮ ಬರೆಯುವಾಗ ಒಂದು ಈಕ್ವಲ್ ತಪ್ಪಿದ್ರೆ ಇಡೀ ದಿನ ಹೋಗತ್ತೆ, ಅದನ್ನೂ ಹೇಳಿ.

ಕೊಪ್ಪದ ಕೇಬಲ್
ಹೌದು, ಹೋಗಿದೆ. ಹೋಳಿಗೆ ಊಟ ಬಿಟ್ಟು ಕೂತಿದ್ದೆ ಒಂದು ಯುಗಾದಿ ದಿನ. ಎರಡು ಈಕ್ವಲ್ ಅಂದ್ರೆ "ಹೀಗಿದ್ರೆ", ಒಂದು ಈಕ್ವಲ್ ಅಂದ್ರೆ "ಹೀಗೆ ಮಾಡು", ಪ್ಲಸ್ ಈಕ್ವಲ್ ಅಂದ್ರೆ "ಇದನ್ನೂ ಸೇರಿಸು". ನಾನು ಸಿಮ್‌ಲಿಂಕ್‌ಗೆ ಪ್ಲಸ್ ಹಾಕದೆ ಬರೀ ಈಕ್ವಲ್ ಹಾಕಿದ್ದೆ. ನನ್ನ ಹೆಸರು ಬಂತು, ಆದರೆ ಮೊದಲಿದ್ದ ಬೈ-ಐಡಿ, ಬೈ-ಪಾತ್ ಎಲ್ಲಾ ಮಾಯ!

ಕರ್ನಲ್ ಕಾಕಾ
ಸರಿ ತಮ್ಮಾ, ಬರ್ಕೋ. ವೇದಿಕೆ ನಿಯಮ ಅಂತ ಕನ್ನಡ ಲಿಪಿಲಿ ಹೇಳ್ತೀನಿ, ನೀನು ಕೀಬೋರ್ಡಲ್ಲಿ ಇಂಗ್ಲಿಷಲ್ಲೇ ಹೊಡಿ. ಇಟಿಸಿ ಒಳಗೆ ಯುಡೆವ್, ಅದರೊಳಗೆ ರೂಲ್ಸ್ ಡಾಟ್ ಡಿ. ಅಲ್ಲಿ 99-ಡೈರಿ ಡಾಟ್ ರೂಲ್ಸ್ ಅಂತ ಫೈಲ್ ಮಾಡು. ಕೊನೆಗೆ ಡಾಟ್ ರೂಲ್ಸ್ ಇಲ್ಲದಿದ್ರೆ ಅದು ಓದೋದೇ ಇಲ್ಲ. ಒಂದು ಸಾಲು ತೂಕಕ್ಕೆ, ಒಂದು ಸಾಲು ಫ್ಯಾಟಿಗೆ. ಸಾಲಲ್ಲಿ ಮೂರೇ ಮಾತು, ನಡುವೆ ಅಲ್ಪವಿರಾಮ: ಸಬ್‌ಸಿಸ್ಟಮ್ ಟಿಟಿವೈ ಆಗಿದ್ರೆ, ಕರ್ನಲ್ಸ್ ಅನ್ನೋದು 1-1.2 ಆಗಿದ್ರೆ, ಸಿಮ್‌ಲಿಂಕ್‌ಗೆ ತೂಕ ಸೇರಿಸು. ಎರಡನೇ ಸಾಲಲ್ಲಿ 1-1.3, ಫ್ಯಾಟ್. ಆ ನಂಬರು ನಿನ್ನ ಕಂಪ್ಯೂಟರಲ್ಲಿ ಬೇರೆ ಇರಬಹುದು. ಯುಡೆವ್‌ಅಡ್ಮ್ ಇನ್ಫೋಗೆ ಮೈನಸ್ ಎ ಹಾಕಿ ಕೇಳಿದ್ರೆ ಸಾಮಾನಿನ ಅಪ್ಪ, ಅಜ್ಜ, ಮುತ್ತಜ್ಜನ ತನಕ ವಂಶಾವಳಿ ತೋರಿಸುತ್ತೆ, ಅಲ್ಲಿ ಸಿಗುತ್ತೆ.

ಒಂದು ಎಚ್ಚರಿಕೆ. ಕರ್ನಲ್ಸ್, ಎಟಿಟಿಆರ್‌ಎಸ್ ಹೀಗೆ ಕೊನೆಗೆ ಎಸ್ ಇರೋ ಗುರುತುಗಳೆಲ್ಲ ಒಬ್ಬನೇ ಹಿರಿಯನದ್ದಾಗಿರಬೇಕು. ಅಪ್ಪನ ಬಣ್ಣ, ಅಜ್ಜನ ಮೂಗು ಅಂತ ಒಂದೇ ಸಾಲಲ್ಲಿ ಬೆರೆಸಿದ್ರೆ ಯಾರೂ ಹೊಂದಲ್ಲ.

ಬೇಲೂರು ಬಿಟ್
ಕಾಕಾ, ತಪ್ಪು ತಿಳ್ಕೋಬೇಡಿ, 1-1.2ರಲ್ಲಿ ಮೊದಲ 1 ಏನು? ಯುಎಸ್‌ಬಿ ಬಸ್ ನಂಬರ್. ಅದನ್ನೂ ಕರ್ನಲ್ ಬಂದ ಸಾಲಿನ ಪ್ರಕಾರವೇ ಕೊಡೋದು. ಎರಡು ಕಂಟ್ರೋಲರ್ ಇರೋ ಬೋರ್ಡಲ್ಲಿ 1 ಹೋಗಿ 3 ಆಗಿದ್ದನ್ನ ಕಣ್ಣಾರೆ ನೋಡಿದೀನಿ. ಟೋಕನ್ ನಂಬರ್ ಬೇಡ ಅಂತ ಹೊರಟು ಮತ್ತೆ ಟೋಕನ್ನೇ ಹಿಡಿದ ಹಾಗಾಯ್ತು. ಕರ್ನಲ್ಸ್ ಬದಲು ಎನ್ವಿ (ಯುಡೆವ್ ಸಾಮಾನಿನ ಬಗ್ಗೆ ಬರೆದಿಟ್ಕೊಳ್ಳೋ ವಿವರ) ಒಳಗಿನ ಐಡಿ ಪಾತ್ ಹಾಕ್ಸಿ. ಅದು ಪಿಸಿಐ ವಿಳಾಸದಿಂದ ಶುರುವಾಗತ್ತೆ.

ಕರ್ನಲ್ ಕಾಕಾ
ಒಪ್ಪಿದೆ. ಹಳೇ ಅಭ್ಯಾಸ ನಂದು. ಆದರೆ ಐಡಿ ಪಾತ್ ತುಂಬೋದು 60ನೇ ನಂಬರಿನ ಸೀರಿಯಲ್ ನಿಯಮದ ಫೈಲು. ಫೈಲ್‌ಗಳು ಹೆಸರಿನ ಕ್ರಮದಲ್ಲೇ ಓಡೋದು. ಹಾಗಾಗಿ ನಮ್ಮ ಫೈಲಿನ ನಂಬರು 60ಕ್ಕಿಂತ ಆಮೇಲೇ ಇರಬೇಕು. 99 ಅಂದಿದ್ದು ಸುಮ್ನೆ ಅಲ್ಲ ಅಂತಾಯ್ತು.

ಹೊಯ್ಸಳ_ಹುಡ್ಗ
ಹೆಸರು ಕನ್ನಡ ಅಕ್ಷರದಲ್ಲೇ ಇಡಬಹುದಾ? ಡೆವ್ ಒಳಗೆ "ತೂಕ" ಅಂತ ಕಂಡ್ರೆ ಮಜಾ ಇರತ್ತೆ.

ಕೊಪ್ಪದ ಕೇಬಲ್
ಯುಡೆವ್ ಯುಟಿಎಫ್-8 ಒಪ್ತದೆ, ತಕರಾರಿಲ್ಲ. ಆದರೆ ಹಳೇ ಪ್ರೋಗ್ರಾಂಗಳು ತಕರಾರು ಮಾಡ್ತವೆ. ಕೆಲವು ಜಾವಾ ಪ್ರೋಗ್ರಾಂ ಅಂತೂ ಟಿಟಿವೈ ಅಂತ ಶುರುವಾಗದ ಹೆಸರನ್ನ ಪಟ್ಟಿಲೇ ತೋರಿಸಲ್ಲ. ಡೈರಿಯವರೇ, ಟಿಟಿವೈತೂಕ ಅಂತ ಇಂಗ್ಲಿಷ್ ಅಕ್ಷರದಲ್ಲಿ ಇಡಿ, ತಲೆನೋವಿಲ್ಲ.

ಐಜಿ ರೋಡ್ ನೆಟ್‌ವರ್ಕ್
ಈ ಎಲ್ಲಾ ರಾಮಾಯಣದಲ್ಲಿ ನನ್ನ ಸಿಟ್ಟು ನೆಟ್‌ವರ್ಕ್ ಕಾರ್ಡ್ ಹೆಸರಿನ ಮೇಲೆ. ಇಥ್0 ಅಂತ ಎಷ್ಟು ಚೆನ್ನಾಗಿತ್ತು! 2013ರಲ್ಲಿ ಸಿಸ್ಟಮ್‌ಡಿ 197 ಬಂದು ಎನ್‌ಪಿ3ಎಸ್0 ಅಂತ ಮಾಡಿಟ್ರು. ಹೆಸರು ಇನ್ಮೇಲೆ ಬದಲಾಗಲ್ಲ ಅಂದ್ರು. ಚಿಕ್ಕಮಗಳೂರಲ್ಲಿ ಒಬ್ಬರ ಆಫೀಸಿನ ಸರ್ವರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕ್ದೆ ಅಷ್ಟೇ, ಎನ್‌ಪಿ3ಎಸ್0 ಹೋಗಿ ಎನ್‌ಪಿ4ಎಸ್0 ಆಯ್ತು, ನೆಟ್ ಬಂದ್. ಅವರು ನನ್ನನ್ನ ನೋಡಿದ ನೋಟ ಇನ್ನೂ ಮರೆತಿಲ್ಲ.

ಬೇಲೂರು ಬಿಟ್
ಅಣ್ಣ, ಅಲ್ಲಿ 3 ಅಂದ್ರೆ ಪಿಸಿಐ ಬಸ್ ನಂಬರ್. ಹೊಸ ಕಾರ್ಡು ನಡುವೆ ನುಗ್ಗಿದ್ರೆ ಹಿಂದಿನೋರು ಒಂದೊಂದು ಜಾಗ ಸರೀತಾರೆ. ಸಾಮಾನು ಮುಟ್ಟದೆ ಇದ್ರೆ ಬದಲಾಗಲ್ಲ ಅನ್ನೋದಷ್ಟೇ ಅವರು ಕೊಟ್ಟ ಮಾತು. ಮ್ಯಾಕ್ ವಿಳಾಸ (ಕಾರ್ಡಿನ ಸ್ವಂತ ನಂಬರ್) ನೋಡಿ ಹೆಸರಿಡು ಅಂತ ಒಂದು ಡಾಟ್ ಲಿಂಕ್ ಫೈಲ್ ಇಟ್ಟಿದ್ರೆ ಗ್ರಾಫಿಕ್ಸ್ ಕಾರ್ಡ್ ಹತ್ತು ಹಾಕಿದ್ರೂ ಅಲ್ಲಾಡ್ತಿರಲಿಲ್ಲ. ಹಾಂ, ಆ ಫೈಲಲ್ಲಿ ಇಥ್0 ಅಂತ ಮಾತ್ರ ಇಡಬೇಡಿ, ಕರ್ನಲ್ ಕೊಡೋ ಹೆಸರಿನ ಜೊತೆ ಜಗಳ ಬೀಳತ್ತೆ. ಲ್ಯಾನ್0 ಅಂತ ಏನಾದ್ರೂ ಇಡಿ.

ಐಜಿ ರೋಡ್ ನೆಟ್‌ವರ್ಕ್
ನೆಟ್.ಐಎಫ್‌ನೇಮ್ಸ್ ಸೊನ್ನೆ ಅಂತ ಬೂಟ್ ಸಾಲಲ್ಲಿ ಹಾಕಿ ಹಳೇ ಹೆಸರು ವಾಪಸ್ ತಂದೆ. ಒಂದೇ ಕಾರ್ಡ್ ಇರೋನಿಗೆ ಇಥ್0 ಸಾಕಪ್ಪ.

ಬೇಲೂರು ಬಿಟ್
ಒಂದೇ ಕಾರ್ಡ್ ಇರೋನಿಗೆ ಸಾಕು. ಒಬ್ಬನೇ ಮಂಜ ಇರೋ ಊರಿಗೂ ಮನೆ ಹೆಸರು ಬೇಕಾಗಲ್ಲ.

ಹಳೆಬೀಡು ಹಾರ್ಡ್‌ವೇರ್
ಮೂಲ ಪ್ರಶ್ನೆಗೆ ಬರೋಣ. 22.04 ಅಂದ್ರಲ್ಲ, ಅದರಲ್ಲಿ ಸಿಎಚ್340ಗೆ ಇನ್ನೊಂದು ಗ್ರಹಚಾರ ಇದೆ. ಬಿಆರ್‌ಎಲ್‌ಟಿಟಿವೈ ಅಂತ ಒಂದು ಪ್ರೋಗ್ರಾಂ, ಕಣ್ಣು ಕಾಣದವರ ಬ್ರೈಲ್ ಯಂತ್ರಕ್ಕೆ ಇರೋದು. ಯಾವುದೋ ಬ್ರೈಲ್ ಯಂತ್ರದಲ್ಲೂ ಇದೇ 1ಎ86 7523 ಚಿಪ್ಪು ಇರೋದ್ರಿಂದ ನಿಮ್ಮ ಕನ್ವರ್ಟರನ್ನೇ ಬ್ರೈಲ್ ಯಂತ್ರ ಅಂದ್ಕೊಂಡು ಎಳ್ಕೊಂಡು ಹೋಗತ್ತೆ. ಟಿಟಿವೈಯುಎಸ್‌ಬಿ ಬಂದ ಹಾಗೆ ಬಂದು ಮಾಯ. ಡೈರಿಲಿ ಬ್ರೈಲ್ ಬೇಕಿಲ್ಲ ಅಂದ್ರೆ ತೆಗೆದುಹಾಕಿ.

ಡೈರಿಹುಡುಗ, ಚನ್ನರಾಯಪಟ್ಟಣ
ಅಯ್ಯೋ ಸಾರ್, ಹೊಸದರಲ್ಲಿ ಮೂರು ದಿನ ಇದೇ ಆಗಿತ್ತು! ಪೇಟೆಯಿಂದ ಒಬ್ಬರನ್ನ ಕರೆಸಿದ್ವಿ. ಅವರು ಏನೋ ತೆಗೆದು "ಈಗ ಸರಿ ಆಯ್ತು" ಅಂತ ಎಂಟುನೂರು ತಗೊಂಡು ಹೋದ್ರು. ಏನು ತೆಗೆದ್ರು ಅಂತ ಈಗ ಗೊತ್ತಾಯ್ತು.

ಹಳೆಬೀಡು ಹಾರ್ಡ್‌ವೇರ್
ನಾನಾಗಿದ್ರೆ ಎಫ್‌ಟಿಡಿಐ ಚಿಪ್ಪಿನ ಕನ್ವರ್ಟರ್ ಎರಡು ತರ್ತಿದ್ದೆ. ಒಂದೊಂದಕ್ಕೂ ಬೇರೆ ಬೇರೆ ಸೀರಿಯಲ್ ನಂಬರ್, ಯಾವ ತೂತಿಗೆ ಚುಚ್ಚಿದ್ರೂ ತೂಕ ತೂಕನೇ. ಸ್ವಲ್ಪ ದುಡ್ಡು ಜಾಸ್ತಿ. ನಕಲಿ ನೋಡ್ಕೊಂಡು ತಗೊಳ್ಳಿ, ಕೆಲವು ನಕಲಿಗಳಲ್ಲಿ ಎಲ್ಲದಕ್ಕೂ ಒಂದೇ ಸೀರಿಯಲ್ ನಂಬರ್ ಒತ್ತಿರ್ತಾರೆ. ಆಗ ಮತ್ತೆ ಮೊದಲಿಗೇ ಬಂದ್ರಿ.

ಸಕಲೇಶಪುರ ಸಾಫ್ಟ್
ಎಲ್ರೂ ಹೆಸರಿನ ಹಿಂದೆ ಬಿದ್ದಿದೀರ. ಪ್ರೋಗ್ರಾಮೇ ಕಿವಿಗೊಟ್ಟು ಕೇಳಲಿ. ತೂಕದ ಮಷಿನ್ ಸುಮ್ನಿರಲ್ಲ, ಸೆಕೆಂಡಿಗೆ ನಾಕೈದು ಸಲ ಒದರ್ತಾ ಇರತ್ತೆ. ಫ್ಯಾಟ್ ಮಷಿನ್ ಸ್ಯಾಂಪಲ್ ಇಟ್ಟು ಮುಗಿದ ಮೇಲೆ ಒಂದು ಸಲ ಹೇಳಿ ಸುಮ್ಮನಾಗತ್ತೆ. ಶುರುವಿನಲ್ಲಿ ಎರಡು ಸೆಕೆಂಡ್ ಕೇಳಿದ್ರೆ ಯಾರು ಯಾರು ಅಂತ ಗೊತ್ತಾಗಲ್ವಾ? ಸಾಲಲ್ಲಿ ಸಿಕ್ಕಿದ ಮೊದಲ ಅಂಕಿನ ಕಣ್ಮುಚ್ಕೊಂಡು ತಗೊಂಡಿದಾನಲ್ಲ, ನಿಜವಾದ ತಪ್ಪು ಅದು. ಸಾಲಿನ ರೂಪ ನೋಡಿ ತಗೊಂಡಿದ್ರೆ ಅಜ್ಜಿ ಹಸು ಎಮ್ಮೆ ಆಗ್ತಿರಲಿಲ್ಲ.

ಕರ್ನಲ್ ಕಾಕಾ
ಬರೆಯೋನು ಸಿಕ್ಕಿದ್ರೆ ಅದೂ ಆಗಲಿ. ಎರಡೂ ಇರಲಿ ಅಂತ ನನ್ನ ಅಭಿಪ್ರಾಯ. ಇನ್ನೊಂದು ನೆನಪಿಟ್ಕೊ ತಮ್ಮಾ. ಕೂಲರ್ ಕಂಪ್ರೆಸರ್ ಶುರುವಾದಾಗ ಕನ್ವರ್ಟರ್ ಒಂದು ಕ್ಷಣ ಬಿಟ್ಟು ಸೇರಿಕೊಂಡ್ರೆ, ಹಳೇ 0ನ ಪ್ರೋಗ್ರಾಂ ಇನ್ನೂ ಹಿಡ್ಕೊಂಡಿರುತ್ತೆ, ಸಾಮಾನು 2 ಅಂತ ಬರುತ್ತೆ. ಅಡ್ಡಹೆಸರು ತಾನಾಗೇ 2ರ ಕಡೆ ತಿರುಗುತ್ತೆ, ಆದರೆ ಪ್ರೋಗ್ರಾಂ ಮುಚ್ಚಿ ತೆರೆಯಬೇಕು.

ಡೈರಿಹುಡುಗ, ಚನ್ನರಾಯಪಟ್ಟಣ
ಮಾಡಿದೆ! ಮೊದಲನೇ ಸಲ ಆಗಲಿಲ್ಲ, ಫೈಲಿನ ಕೊನೆಗೆ ಡಾಟ್ ರೂಲ್ ಅಂತ ಬರೆದಿದ್ದೆ, ಎಸ್ ಬಿಟ್ಟಿದ್ದೆ. ಆಮೇಲೆ ಯುಡೆವ್‌ಅಡ್ಮ್ ಕಂಟ್ರೋಲ್ ರೀಲೋಡ್, ಯುಡೆವ್‌ಅಡ್ಮ್ ಟ್ರಿಗರ್ ಎರಡೂ ಕೊಟ್ಟೆ. ಟಿಟಿವೈತೂಕ, ಟಿಟಿವೈಫ್ಯಾಟ್ ಎರಡೂ ಬಂದ್ವು. ಬೇಕಂತಲೇ ಐದು ಸಲ ಬಂದ್ ಮಾಡಿ ಆನ್ ಮಾಡಿದೆ. ಎರಡು ಸಲ 0, 1 ಉಲ್ಟಾ ಬಂದ್ವು, ಹೆಸರು ಮಾತ್ರ ಸರಿ ಇತ್ತು.

ಹೊಯ್ಸಳ_ಹುಡ್ಗ
ಪಾರ್ಟಿ ಯಾವಾಗ? ಪೇಡ ಆದ್ರೂ ಸಾಕು.

ಡೈರಿಹುಡುಗ, ಚನ್ನರಾಯಪಟ್ಟಣ
ಪೇಡ ತಡೀರಿ, ಮೂರನೇ ದಿನ ಮತ್ತೆ ಉಲ್ಟಾ! ಹಿಂದಿನ ದಿನ ಟೇಬಲ್ ತೊಳೆಯೋಕೆ ನಮ್ಮ ಟೆಸ್ಟರ್ ಅಣ್ಣ ಎರಡೂ ವೈರ್ ಕಿತ್ತು, ಆಮೇಲೆ ಕೈಗೆ ಸಿಕ್ಕಿದ ತೂತಿಗೆ ಚುಚ್ಚಿದಾನೆ. ಕೊಪ್ಪದೋರು ಮೊದಲೇ ಹೇಳಿದ್ರು. ಈಗ ಅಕ್ಕನ ನೇಲ್ ಪಾಲಿಶ್ ತಂದು ತೂಕದ ತೂತಿಗೂ ವೈರಿಗೂ ಕೆಂಪು, ಫ್ಯಾಟಿಗೆ ಗುಲಾಬಿ ಬಳಿದೀನಿ. ಕಂಪ್ಯೂಟರ್ ಹಿಂದೆ ಕೈ ಹೋಗದ ಹಾಗೆ ಪ್ಲೈವುಡ್ ತುಂಡು ಹೊಡೆದಿದೀನಿ.

ಆಲ್ದೂರು ಅಣ್ಣ
ಕೆಂಪು ಗುಲಾಬಿ ಎರಡೂ ಒಂದೇ ಥರ ಕಾಣಲ್ವಾ ಸಂಜೆ ಲೈಟಲ್ಲಿ?

ಡೈರಿಹುಡುಗ, ಚನ್ನರಾಯಪಟ್ಟಣ
ಅಕ್ಕನ ಹತ್ರ ಇದ್ದಿದ್ದು ಎರಡೇ ಬಣ್ಣ ಅಣ್ಣ.

ಇವತ್ತು ಬೆಳಿಗ್ಗೆ ಎರಡು ಸಲ ಕರೆಂಟು ಹೋಯ್ತು. ಎರಡು ಸಲವೂ ಸರಿ ಬಂತು. ಅಜ್ಜಿ ಕ್ಯಾನ್ ಕೆಳಗಿಟ್ಟು ಮೊದಲು ಸ್ಕ್ರೀನ್ ನೋಡಿದ್ರು, ಆಮೇಲೆ ನನ್ನ ಮುಖ ನೋಡಿದ್ರು. "ಇವತ್ತು ನಮ್ ಗೌರಿ ಹಸೂನೋ, ಎಮ್ಮೇನೋ?" 7.4 ಲೀಟರ್, ಫ್ಯಾಟ್ 4.0. ಚೀಟಿ ಎರಡು ಸಲ ಓದಿಸ್ಕೊಂಡು ಸೆರಗಿಗೆ ಗಂಟು ಹಾಕ್ಕೊಂಡು ಹೋದ್ರು.

ಮೂಡಿಗೆರೆ ಮಳೆ
ಫ್ಯಾಟ್ 0.1 ಕಮ್ಮಿ ಆಯ್ತಲ್ಲ, ಅದಕ್ಕೇನಂದ್ರು?

ಡೈರಿಹುಡುಗ, ಚನ್ನರಾಯಪಟ್ಟಣ
ಅದನ್ನ ಸಂಜೆ ಬಂದು ಕೇಳ್ತಾರೆ.